ಫೋನ್ ಮೇಷ್ಟ್ರು

ಫೋನ್ ಮೇಷ್ಟ್ರನ್ನು ನಾನು ಮೊದಲು ನೋಡಿದ್ದು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ, ಆನ್‌ಲೈನ್ ಪತ್ರಿಕೋದ್ಯಮದ ಮೊದಲ ತರಗತಿಯ ದಿನ. ಬಸ್ಸು ಮಗುಚಿ ಚಾಲಕ ಸತ್ತನೆಂಬ ಸುದ್ದಿಯನ್ನು ನಮ್ಮ ತರಗತಿಯ ವೆಬ್‌ಸೈಟಿಗೆ ಎಲ್ಲರಿಗಿಂತ ಮೊದಲು ಹಾಕುವ ಹುಮ್ಮಸ್ಸಿನಲ್ಲಿದ್ದೆ. ತೋಳು ಮಡಚಿದ ಅಂಗಿಯವರೊಬ್ಬರು ಹಿಂದಿನಿಂದ ಬಂದು ಮೌಸನ್ನು ಮೆಲ್ಲಗೆ ಎತ್ತಿಕೊಂಡರು. "ಯಾರು ಹೇಳಿದ್ರಮ್ಮ?" "ಗ್ರೂಪಲ್ಲಿ ಬಂತು, ಸರ್." "ಗ್ರೂಪಿಗೇನು, ನಾಳೆ ನನಗೆ ಎರಡನೇ ಮದುವೇನೂ ಮಾಡುತ್ತೆ. ಡಿಪೋಗೆ ಫೋನ್ ಮಾಡು." ಮಾಡಿದೆ. ಚಾಲಕನ ಕಾಲು ಮುರಿದಿತ್ತು, ಜೀವಕ್ಕೇನೂ ಆಗಿರಲಿಲ್ಲ. ಮೇಷ್ಟ್ರ ಈ ಕಾಯಿಲೆ ಆಮೇಲೆ ದಿನವೂ ಕಂಡಿತು. ಮಳೆ ಬರುತ್ತಿದೆ ಎಂದರೆ ಕಿಟಕಿಯಿಂದ ಕೈ ಚಾಚಿ ನೋಡುತ್ತಾರೆ; ಹುಟ್ಟುಹಬ್ಬಕ್ಕೆ ಶುಭ ಹಾರೈಸಿದರೆ "ಯಾರನ್ನ ಕೇಳಿ ಖಚಿತ ಮಾಡ್ಕೊಂಡ್ರಿ?" ಎನ್ನುತ್ತಾರೆ. ಬೇರೆ ಕಾಲೇಜಿನವರು ವಿಡಿಯೋ ಕತ್ತರಿಸಿ ಜೋಡಿಸುವುದನ್ನು ಕಲಿಯುವಾಗ ನಾವಿನ್ನೂ ಫೋನ್ ಹಿಡಿದು "ನಮಸ್ಕಾರ, ಒಂದು ವಿಷಯ ಕೇಳಬೇಕಿತ್ತು" ಎನ್ನುತ್ತಿದ್ದೆವು. ಇದೆಂಥ ಪಾಠ ಎಂದು ಗೊಣಗಿದ ದಿನ ಅವರು ತಮ್ಮ ಕಥೆ ಹೇಳಿದರು. ವರದಿಗಾರರಾಗಿದ್ದಾಗ ಪ್ರವಾಹದ ಸುದ್ದಿಗೆ ಹೋದ ಅವರು ನೀರಿನಲ್ಲಿ ಕೊಚ್ಚಿಹೋದರೆಂದು ಒಂದು ವೆಬ್‌ಸೈಟು ಬರೆದಿತ್ತಂತೆ. ಮರುದಿನ ಮನೆಗೆ ಬಂದು "ಅಮ್ಮಾ" ಎಂದು ಕರೆದರೆ, ತಾಯಿ ಹೆದರಿ ಬಾಗಿಲೇ ತೆಗೆಯಲಿಲ್ಲವಂತೆ. "ನನ್ನ ಫೋನು ನೀರುಪಾಲಾಗಿತ್ತು, ನಾನು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಮಲಗಿದ್ದೆ ಕಣ್ರೋ. ಬರೆದೋನು ಠಾಣೆಗೊಂದು ಸಲ ಕೇಳಿದ್ರೆ ಸಾಕಿತ್ತು." ನಮ್ಮಲ್ಲಿ ಯಾರೂ ಮತ್ತೆ ಗೊಣಗಲಿಲ್ಲ. ಈಗ ಅವರು ಭಾನುವಾರಗಳಂದು ನಮ್ಮ ತಂದೆತಾಯಂದಿರಿಗೂ ಫೋನಿಗೆ ಬಂದ ಸುದ್ದಿ ನಿಜವೇ ಎಂದು ವಿಚಾರಿಸುವ ಪಾಠ ಮಾಡುತ್ತಾರೆ. ಅಕ್ಷರ ಕೂಡಿಸಿ ಓದುವ ನನ್ನಪ್ಪ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಾರೆ.