ಸೋರಿಹೋದ ಹತ್ತು ಪದಗಳು

ಚೆನ್ನೈನ ಗಿಂಡಿಯಲ್ಲಿರುವ ನಮ್ಮ ಹಿರಿಯ ನಾಗರಿಕರ ವಸತಿಗೂ ಪಕ್ಕದ ವಿಶ್ವವಿದ್ಯಾಲಯಕ್ಕೂ ಒಂದು ಒಪ್ಪಂದವಿದೆ. ನಾವು ಅವರ ಗ್ರಂಥಾಲಯಕ್ಕೆ ಹೋಗಬಹುದು. ಅವರ ಮನಶ್ಶಾಸ್ತ್ರದ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಂದು ನಮ್ಮ ನೆನಪಿನ ಶಕ್ತಿಯನ್ನು ಪರೀಕ್ಷಿಸಬಹುದು. ಹತ್ತು ಪದ ಓದಿ ಹೇಳುತ್ತಾರೆ, ಅರ್ಧ ಗಂಟೆ ಬಿಟ್ಟು ಕೇಳುತ್ತಾರೆ.

ಈ ಸಲ ಫಲಿತಾಂಶ ನನಗೆ ನಿಜಕ್ಕೂ ಬೇಕಿತ್ತು. ಹಿಂದಿನ ವಾರ ಮೈಲಾಪೂರಿನಲ್ಲಿ, ಮೂವತ್ತು ವರ್ಷ ಬಾಡಿಗೆಗಿದ್ದ ಮನೆಯ ಬೀದಿ ಯಾವುದೆಂದು ತಿಳಿಯದೆ ನಿಂತುಬಿಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ.

ಬೆಳಿಗ್ಗೆ ತಿಂಡಿಗೆ ಕೂತಾಗ ಪಕ್ಕದ ಫ್ಲ್ಯಾಟಿನವರು, ಉಡುಪಿ ಕಡೆಯ ನಿವೃತ್ತ ಹೋಟೆಲ್ ಮಾಲೀಕರು, ಆಗಲೇ ಪರೀಕ್ಷೆ ಮುಗಿಸಿ ಬಂದರು.

“ಕೇಳಿ ಮಾರಾಯ್ರೆ, ಛತ್ರಿ, ಆನೆ, ಸಾಬೂನು...”

“ಬೇಡ, ಹೇಳಬೇಡಿ!”

“ಇಷ್ಟು ಓದಿದವರು ಫೇಲಾದ್ರೆ ನಗೆಪಾಟಲು ಅಲ್ವಾ?” ಎಂದು ಹತ್ತನ್ನೂ ಎರಡೆರಡು ಸಲ ಹೇಳಿಯೇ ಬಿಟ್ಟರು.

ಪರೀಕ್ಷೆಯ ಹುಡುಗಿ ಕನ್ನಡದ ಮನೆಯವಳು. ಪದಗಳನ್ನು ಕನ್ನಡದಲ್ಲಿ ಓದಿದಳು, ಉಳಿದ ಮಾತೆಲ್ಲ ತಮಿಳು. ಓದಿದ್ದು ಅದೇ ಹತ್ತು. ನಾನು ಒಂದನ್ನೂ ಬಿಡದೆ ಒಪ್ಪಿಸಿದೆ.

“ಸೂಪರ್ ಅಂಕಲ್, ಪತ್ತುಕ್ಕು ಪತ್ತು!”

ಎದ್ದು ಬರಬಹುದಿತ್ತು. ಆದರೆ ಆ ಹತ್ತಕ್ಕೆ ಹತ್ತರಿಂದ ನನಗೆ ಏನೂ ತಿಳಿದ ಹಾಗಾಗಲಿಲ್ಲ.

“ಪ್ರಶ್ನೆಪತ್ರಿಕೆ ಸೋರಿದೆಯಮ್ಮ, ಬೇರೆ ಪದ ಕೊಡು,” ಎಂದೆ.

ಅವಳು ನಕ್ಕು ಇನ್ನೊಂದು ಹಾಳೆ ತೆಗೆದಳು. ಅರ್ಧ ಗಂಟೆಯ ನಂತರ ನನಗೆ ನಾಲ್ಕೇ ಪದ ಬಂದವು. ಆಗ ಅವಳು ನಗಲಿಲ್ಲ. ಒಮ್ಮೆ ಡಾಕ್ಟರಿಗೆ ತೋರಿಸಿ ಎಂದಳು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ.

“ನಾಳೆನೇ ಹೋಗೋಣ. ಹೋಗೋದೇ ಮರೆತುಹೋಯ್ತು ಅಂತ ಮಾತ್ರ ಹೇಳ್ಬೇಡಿ,” ಎಂದಳು.