ತುಂಬಿದ ಪಿಯಾಲ, ಸೀಲು ಒಡೆಯದ ರೈಲು

ನಾನು ಬಟ್ಟಲು ತುಂಬ ಚಹಾ ಬಗ್ಗಿಸಿ ಕೊಟ್ಟದ್ದೇ ತಡ, ಗಡಿ ಕಾವಲು ಪಡೆಯ ಅಧಿಕಾರಿ ಟೊಪ್ಪಿ ಎತ್ತಿಕೊಂಡು ಸಭೆಯಿಂದ ಹೊರಟುಬಿಟ್ಟರು. ನಾನು ತಾಷ್ಕೆಂಟಿಗೆ ಬಂದ ಹೊಸತು. ಸಹೋದ್ಯೋಗಿ ದಿಲ್ನೋಜಾ ತಲೆಗೆ ಕೈ ಹಚ್ಚಿ, "ಇಲ್ಲಿ ಪಿಯಾಲ ತುಂಬಿಸಿದರೆ, ಕುಡಿದು ಹೊರಡಿ ಎಂದು ಅರ್ಥ" ಎಂದಳು. ಪಿಯಾಲ ಎಂದರೆ ಹಿಡಿಯಿಲ್ಲದ ಬಟ್ಟಲು. ಗೌರವದ ಅತಿಥಿಗಳಿಗೆ ಅರ್ಧವೇ ಬಗ್ಗಿಸಿ, ಮತ್ತೆ ಮತ್ತೆ ಕೊಡುತ್ತಿರಬೇಕಂತೆ. ನಮ್ಮ ಶಿರ್ತಾಡಿಯಲ್ಲಿ ಅರ್ಧ ಲೋಟ ಕೊಟ್ಟು ನೋಡಿ, ಬಂದವರು ಬಸ್ಸು ಹತ್ತುವ ಮೊದಲೇ ನಮ್ಮ ಜಿಪುಣತನ ಊರೆಲ್ಲ ಸುತ್ತಿರುತ್ತದೆ.

ನಾನಿರುವ ಸಂಘಟನೆ ಹಲವು ದೇಶಗಳು ಗಡಿ ಭದ್ರತೆಗೆಂದು ಕಟ್ಟಿಕೊಂಡದ್ದು. ಮೊದಲೆಲ್ಲ ಅಲ್ಲಿ ಸಮವಸ್ತ್ರದವರದೇ ಮಾತು. ಹೊಸ ರೈಲು ಮಾರ್ಗ, 'ಒಣ ಬಂದರು' ಬಂದ ಮೇಲೆ ಕಸ್ಟಮ್ಸಿನವರೂ ರೈಲ್ವೆಯವರೂ ಅದೇ ಮೇಜಿಗೆ ಬಂದು ಕೂತರು. ಒಣ ಬಂದರೆಂದರೆ ಸಮುದ್ರವೇ ಇಲ್ಲದ ಬಂದರು, ಕಂಟೇನರುಗಳನ್ನು ರೈಲಿಗೆ ಹತ್ತಿಸಿ ಇಳಿಸುವ ಜಾಗ. ಮಂಗಳೂರು ಬಂದರಿನಲ್ಲಿ ದುಡಿದ ನನಗೆ ಕೇಳಿದಾಗ ನಗು ಬಂದಿತ್ತು. ಒಮ್ಮೆ ಸೀಲು ಮಾಡಿದ ಕಂಟೇನರನ್ನು ಮುಂದಿನ ಗಡಿಯಲ್ಲಿ ಮತ್ತೆ ಒಡೆಯಬಾರದು ಎಂಬುದು ನನ್ನ ಪ್ರಸ್ತಾವ. ಒಡೆದು ಹುಡುಕುವಷ್ಟರಲ್ಲಿ ಹಣ್ಣು ಕೊಳೆಯುತ್ತಿತ್ತು, ಎರಡೂ ದೇಶದವರು ಜಗಳಕ್ಕೆ ನಿಲ್ಲುತ್ತಿದ್ದರು. ಈ ಅಧಿಕಾರಿ ಒಪ್ಪದಿದ್ದರೆ ಪ್ರಸ್ತಾವ ಅಲ್ಲಿಗೇ ಮುಗಿಯಿತು.

ಓಡಿದೆ. ಕಾರಿಡಾರಿನಲ್ಲಿ ಅಡ್ಡ ನಿಂತು ಹರಕು ರಷ್ಯನ್‌ನಲ್ಲಿ, "ನಮ್ಮೂರಲ್ಲಿ ಲೋಟ ತುಂಬಿಸದಿದ್ದರೆ ಅಮ್ಮ ಬೈಯುತ್ತಾರೆ" ಎಂದೆ. ಅವರು ನನ್ನನ್ನೇ ನೋಡಿದರು. "ನಮ್ಮಮ್ಮನೂ ಬೈಯುತ್ತಿದ್ದರು, ತುಂಬಿಸಿದ್ದಕ್ಕೆ" ಎಂದು ನಕ್ಕು ಒಳಗೆ ಬಂದರು.

"ಕಂಟೇನರಿನೊಳಗೆ ಬಂದೂಕು ಇದ್ದರೆ?" ಎಂದು ಕೇಳಿದರು.

"ಸೀಲು ಹಾಕುವಾಗ ನಿಮ್ಮವರೂ ಪಕ್ಕದಲ್ಲೇ ನಿಲ್ಲಲಿ. ಅನುಮಾನ ಬಂದರೆ ಎರಡೂ ದೇಶದವರು ಸೇರಿಯೇ ಒಡೆಯಲಿ" ಎಂದೆ. ಸಂಜೆಯ ಹೊತ್ತಿಗೆ ಒಪ್ಪಿದರು.

ಕೆಲವು ತಿಂಗಳಾದ ಮೇಲೆ ಸೀಲು ಒಡೆಯದೆ ಮೊದಲ ರೈಲು ಗಡಿ ದಾಟಿದಾಗ ನನ್ನ ಎದೆ ಉಬ್ಬಿಹೋಯಿತು. ಹೌದು, ಜಂಬವೇ. ಗಡಿಯೆಂದರೆ ಕಾಯುವುದಕ್ಕೆ ಮಾತ್ರ ಎನ್ನುತ್ತಿದ್ದವರು ಈಗ ದಾಟಿಸುವ ಮಾತನ್ನೂ ಆಡುತ್ತಿದ್ದಾರೆ. ಅದರಲ್ಲಿ ನನ್ನದೂ ಒಂದು ಕೈ ಉಂಟು. ಆದರೆ ಕುಚ್ಚಲಕ್ಕಿ ಗಂಜಿಯ ವಾಸನೆಯಿಲ್ಲದ ಬಾಡಿಗೆ ಮನೆಯಲ್ಲಿ ಯಾರಿಗೆ ಹೇಳಲಿ? ತುಳು ಮಾತಾಡದೆ ನಾಲಗೆ ಜಡ್ಡುಗಟ್ಟಿತ್ತು. ಭಾನುವಾರ ವೇಣೂರಿನ ಅಕ್ಕನಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ.

"ಚಾ ಕೊಟ್ಟು ಓಡಿಸಿದವಳೂ ನೀನೇ, ಕರ್ಕೊಂಡು ಬಂದವಳೂ ನೀನೇ. ಭಾರಿ ಉಂಟು ಮಾರಾಯ್ತಿ ನಿನ್ನದು" ಎಂದು ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು: "ಆ ಒಂದು ಕೆಲಸ ಆದ ಕೂಡ್ಲೆ ಊರಿಗೆ ಬರ್ತೇನೆ ಅಂತ ಹೇಳಿದ್ದಿ. ಆಯ್ತಲ್ಲ, ಇನ್ನು ಬರ್ತಿಯಾ?"

"ಬರ್ತೇನೆ ಅಕ್ಕ" ಎಂದೆ. ಮನಸ್ಸಿನಿಂದಲೇ ಎಂದೆ. ಅಷ್ಟರಲ್ಲಿ ಎರಡನೇ ರೈಲು ಗಡಿ ಮುಟ್ಟಿತೆಂದು ಫೋನಿನಲ್ಲಿ ದಿಲ್ನೋಜಾಳ ಸಂದೇಶ ಬಂತು.

"ಸ್ವಲ್ಪ ಇರು, ನಮ್ಮ ರೈಲು ಬಂತು" ಎಂದು ಅಕ್ಕನ ಫೋನು ಇಟ್ಟುಬಿಟ್ಟೆ.