ನಾಳೆ ತೆಗೆಯಬೇಕಾಗಿದ್ದ ಸಾಲು

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಮೆಟ್ಟಿಲಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಒಬ್ಬರು ಮೊಣಕಾಲೂರಿ ಕುಳಿತಿದ್ದಾರೆ. ಕುರ್ಚಿಯೇನೋ ಇದೆ, ಅದರ ಮೇಲೆ ಕೇಬಲ್ ಸುರುಳಿ ಕೂತಿದೆ. ಎದುರಿನ ಕಬ್ಬಿಣದ ಚೌಕಟ್ಟಿನಲ್ಲಿ ಹಸಿರು ದೀಪಗಳು ಮಿಣುಕುತ್ತಿವೆ. ಕೀಲಿಮಣೆಯಲ್ಲಿ ಅವರು ಒಂದು ಹೆಸರು ಒತ್ತುತ್ತಾರೆ. ಪರದೆಯ ಮೇಲೆ ಅಂಕಿಗಳ ಒಂದು ವಿಳಾಸ ಮೂಡುತ್ತದೆ. ಸರಿಯಾಗಿದೆ. ಅದೇ ಹೆಸರನ್ನು ಮತ್ತೆ ಒತ್ತುತ್ತಾರೆ. ಮತ್ತೆ ಸರಿ. ಆರನೆಯ ಸಲ ಒತ್ತುವ ಹೊತ್ತಿಗೆ ಬಟ್ಟೆ ಕೋಣೆಯ ಅಕ್ಕ ಹಾಸಿಗೆ ವಸ್ತ್ರಗಳ ಬುಟ್ಟಿಯನ್ನು ಸೊಂಟಕ್ಕಾನಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ.

"ಎಷ್ಟು ಸಲ ಕೇಳ್ತೀಯೋ ಅದನ್ನ? ಅದಕ್ಕೂ ಬೇಜಾರಾಗಲ್ವಾ?"

"ಸರಿಯಾಗೇ ಹೇಳ್ತಾ ಇದೆ ಅಕ್ಕ. ನನಗೇ ನಂಬಿಕೆ ಬರಲ್ಲ."

ಇಡೀ ಆಸ್ಪತ್ರೆ ಇವರನ್ನು ಕರೆಯುವುದು ತಂತಿಯಣ್ಣ ಎಂದೇ. ವಯಸ್ಸು ಐವತ್ತೆರಡು. ಹನ್ನೊಂದು ವರ್ಷದಿಂದ ಇಲ್ಲಿನ ನಾನೂರ ಹನ್ನೆರಡು ಕಂಪ್ಯೂಟರುಗಳ ತಂತಿಗಳೂ ಈ ಕೋಣೆಯ ಸರ್ವರೂ ಇವರ ಕೈಯಲ್ಲಿವೆ. ಅದಕ್ಕೂ ಮೊದಲು ರಸ್ತೆ ಬದಿಯಲ್ಲಿ ಟೆಲಿಫೋನ್ ಕೇಬಲ್‌ಗೆ ಗುಂಡಿ ತೋಡುತ್ತಿದ್ದರು. ಅಪ್ಪ ಊರೂರು ತಿರುಗಿ ನೀರೆತ್ತುವ ಪಂಪು ರಿಪೇರಿ ಮಾಡುತ್ತಿದ್ದವರು. ಕೈಗೆ ಎಣ್ಣೆ ಹತ್ತಿಸಿಕೊಳ್ಳದೆ ಬಾವಿಯ ಸುತ್ತ ಒಂದು ಸುತ್ತು ಬಂದು, ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿಯೇ ಅವರು ಪಾನಾ ಹಿಡಿಯುತ್ತಿದ್ದರಂತೆ. "ಅಪ್ಪ ಅಷ್ಟು ಕಲಿಸಿದ್ರು. ನಾನು ಅಷ್ಟನ್ನೂ ಮಾಡಲಿಲ್ಲ ನೋಡಿ," ಎನ್ನುತ್ತಾರೆ ತಂತಿಯಣ್ಣ.

ಅವರು ನೋಡಿಕೊಳ್ಳುವ ಡಿಎನ್ಎಸ್ ಸರ್ವರ್‌ಗೆ ಇರುವುದು ಒಂದೇ ಕೆಲಸ. ಕಂಪ್ಯೂಟರಿನಲ್ಲಿ ಯಾರಾದರೂ ಒಂದು ಹೆಸರು ಒತ್ತಿದರೆ ಆ ಹೆಸರಿನ ಯಂತ್ರ ಯಾವ ವಿಳಾಸದಲ್ಲಿದೆ ಎಂದು ಹೇಳುವುದು. ದಿನಕ್ಕೆ ಎರಡು ಲಕ್ಷ ಸಲ ಹೇಳುತ್ತದೆ. ಹೆಸರುಗಳ ಮೂಲ ಪಟ್ಟಿ ಇರುವುದು ಊರಾಚೆಯ ಮುಖ್ಯ ಕಚೇರಿಯಲ್ಲಿ. ಪ್ರತಿ ಸಲ ಅಲ್ಲಿಯವರೆಗೆ ಹೋಗಿ ಕೇಳಿಕೊಂಡು ಬರುವುದು ತಡವೆಂದು, ಒಮ್ಮೆ ತಿಳಿದ ಉತ್ತರವನ್ನು ಇದು ಒಂದು ದಿನ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಆ ನೆನಪಿಗೆ ಕ್ಯಾಶ್ ಎನ್ನುತ್ತಾರೆ. ತೊಂದರೆ ಹುಟ್ಟುವುದೂ ಅಲ್ಲಿಯೇ. ಕೊಟ್ಟಿಗೆ ಬದಲಾಯಿಸಿದ ಮೇಲೂ ಸಂಜೆ ಹಳೆಯ ಕೊಟ್ಟಿಗೆಯ ಬಾಗಿಲಿಗೇ ಹೋಗಿ ನಿಲ್ಲುವ ಎತ್ತಿನಂತೆ, ಇದು ಹಳೆಯ ವಿಳಾಸವನ್ನೇ ಹೇಳುತ್ತ ಕೂರುತ್ತದೆ.

ನಾಲ್ಕು ತಿಂಗಳ ಹಿಂದೆ ರಕ್ತ ಪರೀಕ್ಷೆಯ ವರದಿಗಳನ್ನು ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ ಸಾಗಿಸಿದರು. ಹೆಸರು ಅದೇ, ವಿಳಾಸ ಮಾತ್ರ ಬೇರೆ. ಹಳೆಯದನ್ನು ಆರಿಸಿಬಿಡೋಣ ಎಂದು ತಂತಿಯಣ್ಣ ಕೇಳಿದರು. ಹಿಂದಿನ ದಾಖಲೆಗಳು ಬೇಕಾಗುತ್ತವೆ, ಮೂರು ತಿಂಗಳು ಇರಲಿ ಎಂದಿತು ಕಚೇರಿ. ಮರುದಿನದ ಬೆಳಗಿನಿಂದಲೇ ಶುರುವಾಯಿತು. ವಾರ್ಡಿನ ನರ್ಸ್ ಇವತ್ತಿನ ವರದಿ ತೆರೆದರೆ ಹಳೆಯ ಯಂತ್ರದಲ್ಲಿ ಉಳಿದಿದ್ದ ಹಿಂದಿನ ವರದಿ ಬರುತ್ತದೆ. ತಂತಿಯಣ್ಣ ಓಡಿಬಂದು ಸರ್ವರ್‌ನ ನೆನಪನ್ನು ಅಳಿಸಿದರು, ಸರಿಹೋಯಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಹಳೆಯ ವಿಳಾಸ. ಮತ್ತೆ ಅಳಿಸಿದರು. ಅದರ ಮರುದಿನವೂ ಅಷ್ಟೇ.

ಸರ್ವರ್‌ನಲ್ಲಿ ಅಳಿಸಿದರೆ ಸಾಲದು. ಅಷ್ಟರಲ್ಲಿ ಕೇಳಿಹೋಗಿದ್ದ ಒಂದೊಂದು ಕಂಪ್ಯೂಟರೂ ತನ್ನ ಪಾಡಿಗೆ ಹಳೆಯ ಉತ್ತರವನ್ನು ಬಚ್ಚಿಟ್ಟುಕೊಂಡಿರುತ್ತದೆ. ಹಾಗಾಗಿ ದಿನವೂ ಬೆಳಿಗ್ಗೆ ಇಪ್ಪತ್ತಾರು ವಾರ್ಡು, ನಾಲ್ಕು ಮಹಡಿ. ತೀವ್ರ ನಿಗಾ ಘಟಕ ಮೊದಲು, ಡಯಾಲಿಸಿಸ್ ಕೊನೆಗೆ, ಅದು ಎಲ್ಲಕ್ಕಿಂತ ಮೇಲಿದ್ದದ್ದರಿಂದ. "ಬಂದ ನೋಡಿ ನಮ್ಮ ಪೂಜಾರಿ, ಒಂದೊಂದು ಪೆಟ್ಟಿಗೆಗೂ ಮಂತ್ರ ಹಾಕೋಕೆ," ಎಂದು ನರ್ಸುಗಳು ನಗುತ್ತಿದ್ದರು. ತಂತಿಯಣ್ಣನೂ ನಗುತ್ತಿದ್ದರು.

ಈ ಸುತ್ತಾಟದ ಹತ್ತೊಂಬತ್ತನೆಯ ಬೆಳಿಗ್ಗೆ ಲಿಫ್ಟ್ ಕೆಟ್ಟಿತ್ತು. ತಂತಿಯಣ್ಣ ಡಯಾಲಿಸಿಸ್ ಕೋಣೆ ಮುಟ್ಟಿದಾಗ ಏಳೂ ಹತ್ತು. ಮೊದಲ ಸರದಿಯವರನ್ನು ಯಂತ್ರಕ್ಕೆ ಜೋಡಿಸಿ ಆಗಲೇ ನಲವತ್ತು ನಿಮಿಷವಾಗಿತ್ತು. ಒಂಬತ್ತನೆಯ ಕುರ್ಚಿಯಲ್ಲಿ ಹೊಲಿಗೆಯಾಕೆ ಇದ್ದರು. ವಾರಕ್ಕೆ ಮೂರು ದಿನ ಬರುವವರು, ಬರುವಾಗ ಸೂಜಿ ದಾರದ ಡಬ್ಬಿ ತಂದು, ಚುಚ್ಚಿಸಿಕೊಳ್ಳುವುದಕ್ಕೆ ಮೊದಲು ಯಾರದಾದರೂ ಗುಂಡಿಯೋ ಅಂಚೋ ಹೊಲಿದುಕೊಡುವವರು. ಅವರ ರಕ್ತದ ಪೊಟ್ಯಾಸಿಯಂ ಅಂದು ಅಪಾಯದ ಮಟ್ಟಕ್ಕೆ ಏರಿತ್ತು. ಪರದೆಯ ಮೇಲೆ ಬಂದದ್ದು ಒಂದು ತಿಂಗಳ ಹಿಂದಿನ, ಎಲ್ಲ ಸರಿಯಿದ್ದ ಅಂಕಿ. ದಿನಾಂಕ ಮೂಲೆಯಲ್ಲಿ ಸಣ್ಣಕ್ಷರದಲ್ಲಿತ್ತು. ಆ ಅಂಕಿಗೆ ತಕ್ಕಂತೆ ಯಂತ್ರ ಹೊಂದಿಸಿಯಾಗಿತ್ತು, ವರದಿಯನ್ನು ಮತ್ತೆ ತೆರೆಯದೆ ಆಕೆಯನ್ನು ಮನೆಗೆ ಕಳಿಸಿದರು. ಮರುದಿನ ಮಧ್ಯಾಹ್ನ ಆಕೆ ಮನೆಯ ಹೊಸ್ತಿಲ ಬಳಿ ಕುಸಿದು ಬಿದ್ದರು. ಮತ್ತೆ ಏಳಲಿಲ್ಲ.

ಸರಿಯಾದ ವರದಿ ಬಂದಿದ್ದರೆ ಬದುಕುತ್ತಿದ್ದರೇ? ಖಚಿತವಾಗಿ ಹೇಳಲಾಗದು ಎಂದರು ವೈದ್ಯರು. ವಿಚಾರಣೆ ನಡೆದು, 'ಯಂತ್ರದ ದೋಷ' ಎಂದು ಬರೆದು ಕಡತ ಮುಚ್ಚಿದರು.

ಕಾರಣ ಸಿಕ್ಕಿದ್ದು ಅದಾಗಿ ಎಂಟು ದಿನಕ್ಕೆ, ಅದೂ ಬಟ್ಟೆ ಕೋಣೆಯಲ್ಲಿ. ತಂತಿಯಣ್ಣ ಅಲ್ಲಿ ಗೋಡೆಗೊರಗಿ ಕುಳಿತಿದ್ದರು, ಅಕ್ಕ ಒದ್ದೆ ಟವೆಲ್ಲುಗಳನ್ನು ಹಳೆಯ ಕಬ್ಬಿಣದ ಬೀರುವಿನ ಮೇಲೆ ಹರವುತ್ತಿದ್ದರು.

"ಅಲ್ಲಿ ಯಾಕಕ್ಕ ಹಾಕ್ತೀರಿ? ಗಾಳಿನೇ ಆಡಲ್ವಲ್ಲ."

"ಗಾಳಿ ಯಾರಿಗೆ ಬೇಕೋ? ಈ ಬೀರು ಯಾವಾಗ ಮುಟ್ಟಿದ್ರೂ ಬೆಚ್ಚಗಿರುತ್ತೆ. ನಾಲ್ಕು ವರ್ಷದಿಂದ ಇಲ್ಲೇ ಒಣಗಿಸ್ತಿದ್ದೀನಿ. ಒಳಗೆ ಒಲೆಗಿಲೆ ಇಟ್ಟು ಮರೆತಿದ್ದೀಯೇನೋ?"

ತಂತಿಯಣ್ಣ ನಗಲಿಲ್ಲ. ಎದ್ದು ಬೀರುವಿಗೆ ಅಂಗೈ ಹಚ್ಚಿದರು. ಬೀಗದ ಕೈ ಸಿಗದೆ ಸ್ಕ್ರೂಡ್ರೈವರ್‌ನಿಂದ ಬಾಗಿಲು ಮೀಟಿದರು. ಒಳಗೆ, ಧೂಳಿನ ಕಂಬಳಿ ಹೊದ್ದು, ಆಸ್ಪತ್ರೆಯ ಎರಡನೆಯ ಸರ್ವರ್ ತನ್ನದೇ ಬ್ಯಾಟರಿಯ ಜೊತೆ ಉಸಿರಾಡುತ್ತಿತ್ತು. ಬಟ್ಟೆ ಕೋಣೆಯಾಗುವ ಮೊದಲು ಅದು ಎಕ್ಸ್‌ರೇ ತೊಳೆಯುವ ಕೋಣೆ. ಕೋಣೆ ಖಾಲಿ ಮಾಡಿದಾಗ ಆ ಸರ್ವರ್ ಗುಜರಿಗೆ ಹೋಯಿತೆಂದು ಪಟ್ಟಿಯಲ್ಲಿ ಬರೆದಿತ್ತು. ಪಟ್ಟಿಯ ಕೆಳಗಿನ ಸಹಿ ತಂತಿಯಣ್ಣನದೇ. ನೂರ ಎಂಟು ಸಾಮಾನಿನ ಪಟ್ಟಿ, ಒಂದನ್ನೂ ಕಣ್ಣಾರೆ ನೋಡದೆ ಹಾಕಿದ ಸಹಿ.

ಮಿಕ್ಕದ್ದು ತಾನಾಗಿ ಬಿಚ್ಚಿಕೊಂಡಿತು. ದಿನವೂ ಬೆಳಿಗ್ಗೆ ಐದಕ್ಕೆ ಜನರೇಟರ್ ಪರೀಕ್ಷೆ ಮಾಡುವಾಗ ಒಂದು ಕ್ಷಣ ಕರೆಂಟು ಹೋಗುತ್ತದೆ. ಮೆಟ್ಟಿಲಡಿಯ ಸರ್ವರ್‌ನ ಬ್ಯಾಟರಿ ಸತ್ತು ವರ್ಷವಾಗಿತ್ತು. ಹೊಸದು ಕೊಡಿ ಎಂದು ಮೂರು ಸಲ ಬರೆದಾಗಿತ್ತು. ಕರೆಂಟು ಹೋದರೆ ಅದು ಆರಿ, ನೆನಪೆಲ್ಲ ಕಳೆದುಕೊಂಡು ಮತ್ತೆ ಏಳುತ್ತದೆ. ಹೊರಗಿನ ಸಂಪರ್ಕ ಬರಲು ಕಾಲು ಗಂಟೆ ಬೇಕು. ಆ ಕಾಲು ಗಂಟೆಯಲ್ಲಿ ಯಾರಾದರೂ ವರದಿಯ ಹೆಸರು ಕೇಳಿದರೆ, ಮುಖ್ಯ ಕಚೇರಿ ಸಿಗದೆ, ಇದು ಬೀರುವಿನೊಳಗಿನ ಜೊತೆಗಾರನನ್ನು ಕೇಳುತ್ತದೆ. ಅವನು ಹೇಳಿದ್ದನ್ನು ಇಡೀ ದಿನ ನೆನಪಿಟ್ಟುಕೊಳ್ಳುತ್ತದೆ. ತಂತಿಯಣ್ಣ ಗೇಟು ದಾಟಿ ಒಳಗೆ ಬರುವ ಹೊತ್ತಿಗೆ ಸಂಪರ್ಕ ಬಂದಿರುತ್ತಿತ್ತು, ಸುಳಿವು ಹೋಗಿರುತ್ತಿತ್ತು. "ಅವನ ವಿಳಾಸ ಸೆಟ್ಟಿಂಗಿನಲ್ಲಿ ದಿನಾ ಕಣ್ಣಿಗೆ ಬೀಳ್ತಿತ್ತು. ಸತ್ತವನ ಹೆಸರು ಪಟ್ಟೀಲಿ ಇದ್ರೆ ಏನಂತೆ ಅಂದ್ಕೊಂಡೆ. ಬದುಕಿದ್ದಾನಾ ಅಂತ ಒಂದು ಸಲ ಕೂಗಿ ನೋಡಬಹುದಿತ್ತು. ನೋಡಲಿಲ್ಲ."

ಆ ಹಳೆಯ ಸರ್ವರ್‌ಗೆ ಪರದೆ ಜೋಡಿಸಿ ಕಡತ ತೆರೆದಾಗ ವರದಿ ಯಂತ್ರದ ಹಳೆಯ ವಿಳಾಸ ಅಲ್ಲಿ ಕೈಯಿಂದ ಬರೆದು ಕೂರಿಸಿದ ಒಂದು ಸಾಲಾಗಿ ಕಾಣಿಸಿತು. ಒಂಬತ್ತು ವರ್ಷದ ಹಿಂದೆ ರಸ್ತೆ ಅಗೆಯುವವರು ಕೇಬಲ್ ಕಡಿದು ಮೂರು ದಿನ ಹೊರಗಿನ ಸಂಪರ್ಕ ಇರಲಿಲ್ಲ. ವರದಿಗಳು ತೆರೆಯದೆ ಶಸ್ತ್ರಚಿಕಿತ್ಸೆಗಳು ನಿಂತಿದ್ದವು. ಆಗ ಒಬ್ಬರು ಒಂದು ಮಧ್ಯಾಹ್ನ ಕುಳಿತು ಈ ಸಾಲು ಬರೆದಿದ್ದರು, ಆಸ್ಪತ್ರೆ ನಡೆದಿತ್ತು. ಅವರನ್ನು ವಾರ್ಡಿನ ಹಾಸಿಗೆಗಳ ನಡುವೆ ನಿಲ್ಲಿಸಿ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಸಾಲಿನ ಪಕ್ಕದಲ್ಲಿ ಬರೆದವರದೇ ಟಿಪ್ಪಣಿ: ತಾತ್ಕಾಲಿಕ. ನಾಳೆ ತೆಗೆಯಬೇಕು.

"ಅದು ನನ್ನ ಬರವಣಿಗೆ," ಎನ್ನುತ್ತಾರೆ ತಂತಿಯಣ್ಣ. "ಹನ್ನೊಂದು ವರ್ಷದಲ್ಲಿ ನನಗೆ ಚಪ್ಪಾಳೆ ಬಿದ್ದಿದ್ದು ಅದೊಂದೇ ದಿನ."

ಸಾಲು ತೆಗೆದರು, ಬೀರುವಿನ ಸರ್ವರ್ ಆರಿಸಿದರು. ಅಂದಿನಿಂದ ಒಂದು ದಿನವೂ ತಪ್ಪು ವಿಳಾಸ ಬಂದಿಲ್ಲ. ಅಕ್ಕನ ಟವೆಲ್ಲುಗಳು ಈಗ ಬೇಗ ಒಣಗುವುದಿಲ್ಲ. ನಡೆದದ್ದನ್ನೆಲ್ಲ ತಂತಿಯಣ್ಣ ಎರಡು ಪುಟ ಬರೆದು ಮುಖ್ಯಸ್ಥರಿಗೆ ಕೊಟ್ಟರು. ಅವರು ಮೊದಲ ಪುಟ ಓದಿ, ಎರಡನೆಯದನ್ನು ತಿರುಗಿಸದೆ, ಕಾಗದವನ್ನು ಮೇಜಿನ ಖಾನೆಯೊಳಗೆ ಹಾಕಿದರಂತೆ. "ಮುಚ್ಚಿದ ಕಡತ ಕಣಯ್ಯ ಅದು. ನೀನೂ ಸುಮ್ಮನಿರು, ನಮ್ಮನ್ನೂ ಸುಮ್ಮನಿರೋಕೆ ಬಿಡು." ಅದಾಗಿ ಎರಡೂವರೆ ತಿಂಗಳು. ಕಾಗದ ಖಾನೆಯಲ್ಲೇ ಇದೆ.

ಮನೆಯಲ್ಲಿ ಹೆಂಡತಿ ಮಾತಾಡಿ ಮಾತಾಡಿ ಸೋತಿದ್ದಾರೆ. "ಗ್ಯಾಸ್ ಆರಿಸಿ ಮೂರು ಸಲ ನೋಡ್ತಾರೆ. ಬೀಗ ಹಾಕಿ ಬೀದಿ ಕೊನೇವರೆಗೂ ಹೋಗಿ ವಾಪಸ್ ಬರ್ತಾರೆ. ಹೋಗ್ಲಿ ಬಿಡ್ರೀ, ಬೇಕೂಂತ ಮಾಡಿದ್ರಾ ಅಂದ್ರೆ, ಬೇಕೂಂತ ಮಾಡಿದ್ರೆ ನೆನಪಾದ್ರೂ ಇರ್ತಿತ್ತು ಅಂತಾರೆ."

ತಂತಿಯಣ್ಣನ ಸಾಮಾನು ಚೀಲದ ಹೆಗಲ ಪಟ್ಟಿ ಹಿಂದೊಮ್ಮೆ ಕಿತ್ತುಹೋಗಿತ್ತು. ಅದನ್ನು ಹಳದಿ ದಾರದಲ್ಲಿ ಹೊಲಿದುಕೊಟ್ಟವರು ಒಂಬತ್ತನೆಯ ಕುರ್ಚಿಯಾಕೆ. ಒತ್ತೊತ್ತಾದ ಹದಿನಾಲ್ಕು ಹೊಲಿಗೆ. ಮಾತಾಡುವಾಗ ತಂತಿಯಣ್ಣನ ಹೆಬ್ಬೆರಳು ಅದರ ಮೇಲೆಯೇ ಆಡುತ್ತಿರುತ್ತದೆ.

ಕಳೆದ ತಿಂಗಳು ಒಂದು ಭಾನುವಾರ ಆಕೆಯ ಮನೆಗೆ ಹೋಗಿದ್ದರು. ಗಂಡ ಶಾಲೆಯೊಂದರ ಗೇಟು ಕಾಯುವವರು. ಜಗಲಿಯಲ್ಲಿ ಕನ್ನಡಕ ಏರಿಸಿ ಪೇಪರ್ ಓದುತ್ತಿದ್ದರು. ಒಳಗೆ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು. "ಆಸ್ಪತ್ರೆಯವರಾ? ಬನ್ನಿ, ಕೂತ್ಕೊಳ್ಳಿ. ಎಷ್ಟು ದೂರದಿಂದ ಬಂದಿದ್ದೀರಿ," ಎಂದು ಕುರ್ಚಿ ಎಳೆದರು, ಚಹಾ ಮಾಡಿ ತಂದರು. ಆಸ್ಪತ್ರೆ ಕೊಟ್ಟಿದ್ದ ಕಾಗದವನ್ನು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ಜೋಪಾನ ಮಾಡಿದ್ದರು. ಅದನ್ನೂ ತಂದು ತೋರಿಸಿದರು. "ಯಂತ್ರದ ದೋಷ ಅಂತ ಬರೆದಿದ್ದಾರೆ ನೋಡಿ. ಯಂತ್ರ ಅಂದಮೇಲೆ ಯಾರನ್ನ ಅಂತ ಬೈಯೋದು?"

ತಂತಿಯಣ್ಣ ಚಹಾ ಕುಡಿದರು. ಲೋಟ ತೊಳೆದಿಡಲು ಹೋದರೆ ಅವರು ಬಿಡಲಿಲ್ಲ. ಬರುತ್ತೇನೆ ಎಂದು ಎದ್ದು ಬಂದರು.

"ಬಾಯಿ ತೆಗೀಲಿಲ್ಲ ನಾನು. ಆ ಮನುಷ್ಯ ನನಗೆ ಬಿಸ್ಕತ್ತು ಬೇರೆ ಕೊಟ್ಟರು."

ಗಂಟೆ ಆರೂಕಾಲು. ಮೇಲೆ ವಾರ್ಡುಗಳಲ್ಲಿ ದೀಪಗಳು ಹತ್ತುತ್ತಿವೆ. ತಂತಿಯಣ್ಣ ಚೀಲ ಹೆಗಲಿಗೇರಿಸುತ್ತಾರೆ. ಕಂಪ್ಯೂಟರುಗಳ ನೆನಪು ಅಳಿಸುವ ಅಗತ್ಯ ಈಗಿಲ್ಲ, ಆದರೂ ಇಪ್ಪತ್ತಾರು ವಾರ್ಡನ್ನೂ ಸುತ್ತುತ್ತಾರೆ, ಡಯಾಲಿಸಿಸ್‌ನಿಂದ ಶುರುಮಾಡಿ. ಪತ್ರಿಕೆಯ ಈ ಭಾನುವಾರದ ಪುರವಣಿಗೆ ಮಾತಾಡಿ ಎಂದಾಗ ಎರಡು ಸಲ ಆಗುವುದಿಲ್ಲ ಎಂದಿದ್ದ ಅವರು ಮೂರನೆಯ ಸಲ ತಾವಾಗಿ ಫೋನ್ ಮಾಡಿದ್ದರು. ಮೆಟ್ಟಿಲ ಬಳಿ ನಿಂತು ಅದಕ್ಕೆ ಕಾರಣ ಹೇಳುತ್ತಾರೆ.

"ನನ್ನ ಫೋಟೋ ಬೇಡ. ಕಷ್ಟಪಟ್ಟು ಮೇಲೆ ಬಂದೋನು ಅಂತೆಲ್ಲ ಬೇಡ. ಆ ಸಾಲು ಬರೆದಿದ್ದು ಯಂತ್ರ ಅಲ್ಲ, ನಾನು ಅಂತ ಅಷ್ಟನ್ನ ತಪ್ಪಿಲ್ಲದೆ ಹಾಕಿ. ಆ ಮನುಷ್ಯ ಭಾನುವಾರದ ಪೇಪರ್ ಪೂರ್ತಿ ಓದ್ತಾರೆ."